ಟೆಲಿಸ್ಕೋಪ್ ಗಾಜಿನ ಮೇಲೆ ಇಬ್ಬನಿ ಕೂರದ ಹಾಗೆ ಮಾಡುವುದು ಹೇಗೆ?

ಪ್ರಶ್ನೆ: ನನ್ನ ಹತ್ತಿರ 8 ಇಂಚಿನ ಶ್ಮಿಟ್-ಕ್ಯಾಸಿಗ್ರೇನ್ ಟೆಲಿಸ್ಕೋಪ್ ಇದೆ. ಊರು ಸಕಲೇಶಪುರದ ಹತ್ತಿರ. ಜನವರಿಯಲ್ಲಿ ರಾತ್ರಿ ಒಂಬತ್ತಕ್ಕೆ ಓರಿಯನ್ ನೀಹಾರಿಕೆ ಚೆನ್ನಾಗಿ ಕಾಣುತ್ತಿರುತ್ತದೆ. ಹನ್ನೊಂದರ ಹೊತ್ತಿಗೆ ಎಲ್ಲಾ ಮಬ್ಬು. ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಗಾಜಿನ ತುಂಬ ಇಬ್ಬನಿ. ಒರೆಸಬಹುದಾ? ಬರದ ಹಾಗೆ ಏನು ಮಾಡಬೇಕು?

ಉತ್ತರ: ಮೊದಲು ಒರೆಸುವ ವಿಷಯ. ಬೇಡ. ಗಾಜಿನ ಮೇಲೆ ಕಣ್ಣಿಗೆ ಕಾಣದ ದೂಳು ಇದ್ದೇ ಇರುತ್ತದೆ. ಅದರ ಮೇಲೆ ಬಟ್ಟೆ ಎಳೆದರೆ ಲೇಪನಕ್ಕೆ ಗೀರು ಬೀಳುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ. ಇಷ್ಟು ಮಾಡಿಯೂ ಲಾಭವಿಲ್ಲ. ಗಾಜು ತಣ್ಣಗೇ ಇರುವುದರಿಂದ ಇಬ್ಬನಿ ಸ್ವಲ್ಪ ಹೊತ್ತಿಗೇ ವಾಪಸ್ ಬರುತ್ತದೆ.

ಇಬ್ಬನಿ ಮಳೆಯ ಹಾಗೆ ಮೇಲಿಂದ ಬರುವುದಲ್ಲ. ಗಾಜಿನ ಸುತ್ತಲಿನ ಗಾಳಿಯಲ್ಲಿರುವ ನೀರಾವಿಯೇ ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. ಗಾಜು ಎಷ್ಟು ತಣ್ಣಗಾಗಬೇಕು? ಗಾಳಿ 16 ಡಿಗ್ರಿ ಇದ್ದು, ತೇವಾಂಶ ಶೇ 85 ಇದ್ದರೆ, ಗಾಜು ಸುಮಾರು 13.5 ಡಿಗ್ರಿಗೆ ಇಳಿದರೆ ಸಾಕು. ಬರೀ ಎರಡೂವರೆ ಡಿಗ್ರಿ ವ್ಯತ್ಯಾಸ! ಅದೇ 16 ಡಿಗ್ರಿಯಲ್ಲಿ ತೇವಾಂಶ ಶೇ 40 ಇದ್ದರೆ ಗಾಜು ಎರಡೂವರೆ ಡಿಗ್ರಿಯವರೆಗೆ ಇಳಿಯಬೇಕು. ಅದು ಸುಲಭಕ್ಕೆ ಆಗುವ ಕೆಲಸವಲ್ಲ. ಮಲೆನಾಡಿನವರಿಗೆ ಈ ಕಾಟ ಜಾಸ್ತಿ ಏಕೆ ಎಂಬುದಕ್ಕೆ ಇದೇ ಲೆಕ್ಕ ಸಾಕು.

ಆದರೆ ಗಾಳಿಗಿಂತ ಗಾಜು ತಣ್ಣಗಾಗುವುದು ಹೇಗೆ? ಎಲ್ಲ ವಸ್ತುಗಳೂ ಇನ್‌ಫ್ರಾರೆಡ್ ಕಿರಣಗಳ ಮೂಲಕ ಶಾಖ ಬಿಟ್ಟುಕೊಡುತ್ತಲೇ ಇರುತ್ತವೆ. ಪಕ್ಕದ ಗೋಡೆ, ಮರ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ತಿರುಗಿ ಕೊಡುತ್ತವೆ. ಮೋಡವಿಲ್ಲದ ಆಕಾಶ ಕೊಡುವುದು ತೀರಾ ಕಡಿಮೆ. ಹಾಗಾಗಿ ಆಕಾಶಕ್ಕೆ ಮುಖ ಮಾಡಿದ ಗಾಜಿಗೆ ಖರ್ಚು ಜಾಸ್ತಿ, ಆದಾಯ ಕಡಿಮೆ. ರಾತ್ರಿ ಬಯಲಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಬೆಳಿಗ್ಗೆ ಒದ್ದೆಯಾಗಿದ್ದರೂ ಪೋರ್ಟಿಕೋದಲ್ಲಿ ನಿಂತದ್ದು ಒಣಗಿರುತ್ತದಲ್ವಾ, ಅದೇ ಕಾರಣ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇದನ್ನು 1814ರಲ್ಲೇ ಬರೆದಿದ್ದರು. ಕಾಲು ಕೊಟ್ಟು ನಿಲ್ಲಿಸಿದ ಹಲಗೆಯ ಮೇಲೊಂದು, ಕೆಳಗೊಂದು ಉಣ್ಣೆಯ ತುಂಡು ಕಟ್ಟಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೂಗಿ ನೋಡಿದರು. ಆಕಾಶ ಕಾಣುತ್ತಿದ್ದ ಮೇಲಿನ ಉಣ್ಣೆ ಕೆಳಗಿನದಕ್ಕಿಂತ ಬಹಳ ಹೆಚ್ಚು ನೀರು ಹಿಡಿದಿತ್ತು.

ನಿಮ್ಮ ಟೆಲಿಸ್ಕೋಪಿಗೆ ಬೇಕಾದದ್ದೂ ಅಂಥದೇ ಒಂದು ಹಲಗೆ. ಈ ಟೆಲಿಸ್ಕೋಪಿನಲ್ಲಿ ಕರೆಕ್ಟರ್ ಪ್ಲೇಟ್, ಅಂದರೆ ಆ ಮುಂದಿನ ಗಾಜು, ಕೊಳವೆಯ ತುದಿಯಲ್ಲೇ ಇರುತ್ತದೆ. ಇಡೀ ಆಕಾಶಕ್ಕೆ ಎದೆಯೊಡ್ಡಿದ ಹಾಗೆ. ಮುಂದೆ ಗಾಜಿಲ್ಲದ, ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಇಟ್ಟುಕೊಂಡವರ ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿರುವುದರಿಂದ ಅವರು ಎಷ್ಟೋ ನಿಶ್ಚಿಂತೆಯಿಂದ ಇರುತ್ತಾರೆ. ನೀವು ಮುಂದೆ ಒಂದು ಡ್ಯೂ ಶೀಲ್ಡ್ ಹಾಕಿ, ಅಂದರೆ ಕೊಳವೆಯನ್ನೇ ಉದ್ದ ಮಾಡಿ. ಗಾಜಿನಿಂದಾಚೆ ಅದರ ವ್ಯಾಸದ ಒಂದೂವರೆ ಪಟ್ಟು ಉದ್ದ ಇರಲಿ, ನಿಮಗೆ ಸುಮಾರು 30 ಸೆಂ.ಮೀ. ಹಳೆಯ ಯೋಗ ಮ್ಯಾಟ್ ಕತ್ತರಿಸಿ, ಸುತ್ತಿ, ವೆಲ್ಕ್ರೋ ಅಂಟಿಸಿದರೂ ನಡೆಯುತ್ತದೆ. ಒಳಮೈ ಕಪ್ಪಗಿದ್ದರೆ ಪಕ್ಕದ ಮನೆಯ ಲೈಟಿನ ಕಾಟವೂ ಕಡಿಮೆಯಾಗುತ್ತದೆ.

ಶೀಲ್ಡ್ ಇಬ್ಬನಿಯನ್ನು ತಡ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಗಾಜು ನೋಡುವ ಆಕಾಶವನ್ನೇ ನೀವೂ ನೋಡಬೇಕಲ್ಲ! ಬಯಲುಸೀಮೆಯ ಹೆಚ್ಚಿನ ರಾತ್ರಿಗಳಿಗೆ ಅಷ್ಟು ಸಾಕಾಗಬಹುದು, ನಿಮ್ಮ ಊರಿಗೆ ಸಾಲದು. ಅಲ್ಲಿಗೆ ಡ್ಯೂ ಹೀಟರ್ ಬೇಕು. ಇದು ಗಾಜಿನ ಅಂಚಿನ ಸುತ್ತ ಕೊಳವೆಗೆ ಕಟ್ಟುವ ಬೆಚ್ಚನೆಯ ಪಟ್ಟಿ, 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ. ಸಿದ್ಧ ಪಟ್ಟಿಗಳು ಸಿಗುತ್ತವೆ. ಸೋಲ್ಡರಿಂಗ್ ಬರುವವರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ 330 ಓಮ್‌ನ 1 ವಾಟ್ ರೆಸಿಸ್ಟರ್ 24 ತಂದು, 3 ಸೆಂ.ಮೀ. ಅಂತರದಲ್ಲಿ ಸಮಾಂತರವಾಗಿ ಜೋಡಿಸಿದರೆ ಕೊಳವೆಗೆ ಒಂದು ಸುತ್ತು ಆಗುತ್ತದೆ. ಒಟ್ಟು ಸುಮಾರು 10 ವಾಟ್. ಬೆಸುಗೆಗಳಿಗೆ ಇನ್ಸುಲೇಷನ್ ಟೇಪು, ಬ್ಯಾಟರಿ ವೈರಿಗೆ ಒಂದು ಫ್ಯೂಸು ಮರೆಯಬೇಡಿ. ಯುಪಿಎಸ್‌ನ 7 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದಷ್ಟು ಮಾತ್ರ ಬಳಸಿದರೂ ನಾಲ್ಕು ಗಂಟೆ ಬರುತ್ತದೆ.

ಬಿಸಿ ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಗಾಜು ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಮೇಲಿದ್ದರೆ ಆಯಿತು. ಅದಕ್ಕಿಂತ ಬಿಸಿಯಾದರೆ ಗಾಜಿನ ಮುಂದೆ ಗಾಳಿ ಕದಡಿ ಗುರು, ಶನಿ ಅಲುಗಾಡುತ್ತವೆ. ಬಿಸಿ ಏರಿಳಿಸುವ ಕಂಟ್ರೋಲರ್ ಇದ್ದರೆ ಅದಕ್ಕೇ ಅನುಕೂಲ. ಇನ್ನೊಂದು, ಹೀಟರನ್ನು ಇಬ್ಬನಿ ಕಂಡ ಮೇಲೆ ಹಾಕಬೇಡಿ, ಶುರುವಿನಲ್ಲೇ ಹಾಕಿ. ಗಾಜನ್ನು ತಣ್ಣಗಾಗದ ಹಾಗೆ ಕಾಯುವುದು ಸುಲಭ, ಒದ್ದೆ ಗಾಜನ್ನು ಒಣಗಿಸುವುದಕ್ಕೆ ಆ 10 ವಾಟ್ ಒದ್ದಾಡುತ್ತದೆ.

ಇಬ್ಬನಿ ಬಂದೇಬಿಟ್ಟರೆ ಹೇರ್ ಡ್ರೈಯರ್. ಕಡಿಮೆ ಬಿಸಿಯಲ್ಲಿ, ದೂರದಿಂದ, ಒಂದೇ ಕಡೆ ಹಿಡಿಯದೆ ಆಡಿಸುತ್ತಾ. ಅಂಗಳದ ಒದ್ದೆ ಹುಲ್ಲಿನಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಇಡುವುದು ಮಾತ್ರ ಅಪಾಯ, ತಾರಸಿಯೇ ವಾಸಿ. ನೆಲದ ಹುಲ್ಲಿನ ಹತ್ತಿರಕ್ಕಿಂತ ತಾರಸಿಯಲ್ಲಿ ಇಬ್ಬನಿಯೂ ಸಾಮಾನ್ಯವಾಗಿ ಕಡಿಮೆ. ಐಪೀಸ್‌ಗಳನ್ನು, ಅಂದರೆ ಕಣ್ಣಿಟ್ಟು ನೋಡುವ ಮಸೂರಗಳನ್ನು, ಸುಮ್ನೆ ಜಾಕೆಟ್ ಜೇಬಿನಲ್ಲಿಡಿ. ಅವು ಮಬ್ಬಾಗುವುದು ಹೆಚ್ಚಾಗಿ ನಮ್ಮ ಉಸಿರಿನಿಂದ, ಕಣ್ಣಿನ ಹಸಿಯಿಂದ.

ಮುಗಿಸುವಾಗ ಗಾಜು ಒದ್ದೆಯಿದ್ದರೆ ಮುಚ್ಚಳ ಹಾಕಿ ಪೆಟ್ಟಿಗೆಗೆ ತುಂಬಬೇಡಿ. ಒಳಗೆ ಸಿಕ್ಕಿದ ತೇವದಿಂದ ಫಂಗಸ್ ಬೆಳೆದು ಲೇಪನವನ್ನೇ ಕೊರೆಯುತ್ತದೆ. ಕೋಣೆಯೊಳಗೆ ತಂದು, ಮುಚ್ಚಳ ತೆಗೆದು, ದೂಳು ಕೂರದ ಹಾಗೆ ಬಾಯಿ ಸ್ವಲ್ಪ ಕೆಳಗೆ ಮಾಡಿ, ಬೆಳಗಿನವರೆಗೆ ಬಿಡಿ. ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಮುಚ್ಚಿಡಿ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹಿಡಿದಿವೆ ಎಂದರ್ಥ. ಅಡುಗೆಗೆ ಬಳಸದ ಒಂದು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಮಳೆಗಾಲದ ತಿಂಗಳುಗಳಲ್ಲಿ ಟೆಲಿಸ್ಕೋಪ್ ಬಳಸದಿದ್ದರೂ ಈ ಹರಳುಗಳನ್ನು ಆಗಾಗ ನೋಡುತ್ತಿರಿ.