ಹುಣಸೆ ರಸ ಆಮೇಲೆ, ಮೊದ್ಲು ಸಿಪ್ಪೆ ಬೇಯ್ಲಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಅಡುಗೆ ಕ್ಲಾಸಿನವರ ಫೋನು ಶುರು. "ಮೇಡಂ, ಕಿತ್ತಳೆ ಸಿಪ್ಪೆ ಗೊಜ್ಜು ಮಾಡ್ದೆ, ವಿಪರೀತ ಕಹಿ, ಬೆಲ್ಲ ಎಷ್ಟು ಹಾಕಿದ್ರೂ ಹೋಗ್ತಿಲ್ಲ, ಸಿಪ್ಪೆ ಬೇರೆ ಚಪ್ಪಲಿ ಥರ ಜಗ್ತಿದೆ." ಹುಣಸೆ ರಸ ಯಾವಾಗ ಹಾಕಿದ್ರಿ ಅಂತ ಕೇಳ್ತೀನಿ. ಒಗ್ಗರಣೆಗೆ ಸಿಪ್ಪೆ ಹಾಕಿ, ಹಿಂದೇನೇ ರಸ ಸುರಿದೆ ಅಂತಾರೆ. ಅಲ್ಲಿಗೆ ಗೊಜ್ಜಿನ ಕಥೆ ಮುಗೀತು.

ತೊಗರಿಬೇಳೆ ಬೇಯೋ ಮುಂಚೆ ಹುಣಸೆ ಹಾಕ್ತೀರಾ? ಇಲ್ಲ ತಾನೆ, ಹಾಕಿದ್ರೆ ಗಂಟೆಗಟ್ಲೆ ಕುದಿಸಿದ್ರೂ ಬೇಳೆ ಕಲ್ಲು ಅನ್ನೋದು ಎಲ್ರಿಗೂ ಗೊತ್ತು, ಆದ್ರೆ ಅದೇ ಬುದ್ಧಿ ಸಿಪ್ಪೆ ಹತ್ರ ಬಂದಾಗ ಎಲ್ಲಿಗೆ ಹೋಗುತ್ತೋ ನಾ ಕಾಣೆ. ಸಿಪ್ಪೆಯೊಳಗೆ ಪೆಕ್ಟಿನ್ ಅಂತ ಒಂದು ಅಂಟು ಇರುತ್ತೆ, ಬರೀ ನೀರಲ್ಲಿ ಕುದಿಸಿದ್ರೆ ಅದು ಕರಗಿ ಸಿಪ್ಪೆ ಮೆತ್ತಗಾಗುತ್ತೆ, ಹುಳಿ ಬಿತ್ತು ಅಂದ್ರೆ ಅದು ಸುಲಭಕ್ಕೆ ಕರಗಲ್ಲ. ಬೆಲ್ಲವೂ ಅಷ್ಟೆ, ಬೇಯದ ಸಿಪ್ಪೆಯಿಂದ ನೀರು ಹೀರಿ ಇನ್ನೂ ಬಿರುಸು ಮಾಡುತ್ತೆ. ಬೇಯದ ತುಂಡಿನೊಳಗೆ ಹುಳಿ, ಸಿಹಿ ಯಾವುದೂ ಇಳಿಯಲ್ಲ, ಕಹಿ ಮಾತ್ರ ಅಲ್ಲೇ ಕೂತಿರುತ್ತೆ. ಅದಕ್ಕೆ ಮೇಲಿಂದ ಬೆಲ್ಲ ಸುರಿದು ಕೊನೆಗೆ ಎಲ್ಲಾನೂ ಹಸಿ ಕಸದ ಬಕೆಟ್ಟಿಗೆ! ಸಿಪ್ಪೆ ಉಳಿಸೋಕೆ ಹೋಗಿ ಅರ್ಧ ಅಚ್ಚು ಬೆಲ್ಲನೂ ಎಸೆದ ಹಾಗಾಯ್ತು.

ಸಣ್ಣಗೆ ಹೆಚ್ಚಿದ ಸಿಪ್ಪೆನ ಎಣ್ಣೇಲಿ ಘಮ್ ಅನ್ನೋವರೆಗೆ ಬಾಡಿಸಿ, ಮುಳುಗೋಷ್ಟು ನೀರು ಹಾಕಿ ಮುಚ್ಚಿಡಿ. ಹತ್ತೋ ಹದಿನೈದೋ ನಿಮಿಷ, ಗಡಿಯಾರ ನೋಡಬೇಡಿ, ಒಂದು ತುಂಡು ತೆಗೆದು ಹೆಬ್ಬೆರಳ ಉಗುರಿಂದ ಒತ್ತಿ. ಬೆಣ್ಣೆಗೆ ಇಳಿದ ಹಾಗೆ ಇಳೀಬೇಕು. ಆಮೇಲೆ ಹುಣಸೆ, ಉಪ್ಪು, ಸಾರಿನ ಪುಡಿ, ಕೊನೆಗೆ ಬೆಲ್ಲ. ಒಗ್ಗರಣೆ ಹೇಗೆ ಅಂತ ಹೇಳಲ್ಲ, ಅಷ್ಟು ಬರದವರು ಸಿಪ್ಪೆ ತಂಟೆಗೆ ಬರೋದೇ ಬೇಡ.

ಸ್ವಲ್ಪ ಕಹಿ ಉಳಿಯುತ್ತೆ, ಉಳೀಬೇಕು, ಹಾಗಲಕಾಯಿ ಗೊಜ್ಜು ತಿನ್ನಲ್ವಾ? ನಮ್ಮ ಕಡೆಯ ತೆಳು ಸಿಪ್ಪೆ ಕಿತ್ತಳೆಗೆ ಇಷ್ಟು ಸಾಕು. ಸೂಪರ್ ಮಾರ್ಕೆಟ್ಟಲ್ಲಿ ಸಿಗೋ ಮಿರಿಮಿರಿ ಫಾರಿನ್ ಕಿತ್ತಳೆಗೆ ಬಿಳಿ ಭಾಗ ದಪ್ಪ, ಅದನ್ನ ಚಮಚದಲ್ಲಿ ಕೆರೆದು, ಒಂದು ಕುದಿ ಬರಿಸಿ ಆ ನೀರು ಚೆಲ್ಲಿ. ಮೇಲೆ ಮೇಣ ಇರಬಹುದು, ಹಾಗಾಗಿ ಗೊಜ್ಜಿಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ.

ಔಷಧಿ ಹೊಡೆದಿರ್ತಾರಲ್ಲ ಅಂತಲೂ ಕೇಳ್ತಾರೆ, ನ್ಯಾಯವಾದ ಪ್ರಶ್ನೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಮಾಡಿದ ಪ್ರಯೋಗದಲ್ಲಿ ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿ 12ರಿಂದ 15 ನಿಮಿಷ ನೆನೆಸಿದಾಗ ಮೇಲ್ಮೈಲಿದ್ದ ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕ ಎರಡೂ ಹೋದವು, ಸಿಪ್ಪೆಯೊಳಗೆ ಇಳಿದಿದ್ದು ಪೂರ್ತಿ ಹೋಗಲಿಲ್ಲ. ಸೇಬಿನ ಲೆಕ್ಕ ಕಿತ್ತಳೆಗೆ ಹಾಗೇ ಕೂರುತ್ತೆ ಅಂತ ನಾನು ಬರೆದುಕೊಡಲ್ಲ. ಗೊತ್ತಿರೋ ತೋಟದ ಹಣ್ಣಾದ್ರೆ ವಾಸಿ, ಮಕ್ಕಳಿಗೆ ಚಮಚದಷ್ಟು ಸಾಕು. ಬೇರೆ ಸಿಪ್ಪೆಲಿ ಗೊಜ್ಜು ಮಾಡೋದಾದ್ರೆ, ಮಾವಿನ ಸಿಪ್ಪೆ ಕೆಲವರಿಗೆ ತುರಿಕೆ ತರುತ್ತೆ, ಮೊದ್ಲು ಚೂರು ತಿಂದು ನೋಡಿ. ಚಕ್ಕೋತದ ಸಿಪ್ಪೆನ ಕೊಲೆಸ್ಟ್ರಾಲ್, ಬಿಪಿ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳದೆ ಮುಟ್ಟಬೇಡಿ.

ನಮ್ಮತ್ತೆ ಇದ್ದಾಗ ಅವರಿಗೆ ಪೆಕ್ಟಿನ್ನೂ ಗೊತ್ತಿರಲಿಲ್ಲ, ಪ್ರಯೋಗನೂ ಗೊತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬಾಣಲೆಗೆ ಹುಣಸೆ ಹಿಂಡೋಕೆ ಕೈ ಚಾಚಿದ್ರೆ "ತಡೀಯೇ, ಅದಕ್ಕೆ ಉಸಿರಾಡೋಕೆ ಬಿಡು" ಅಂತ ಕೈ ಮೇಲೆ ಸೌಟಿಂದ ಹೊಡೀತಿದ್ರು, ಮೆಲ್ಲಗೇ ಅನ್ನಿ. ಹೋದ ವಾರ ಕ್ಲಾಸಲ್ಲಿ ಇಂಜಿನಿಯರ್ ಹುಡುಗಿಯೊಬ್ಬಳು ಹುಣಸೆ ಬಟ್ಟಲು ಎತ್ತಿದಾಗ ನನ್ನ ಕೈ ತಾನಾಗೇ ಸೌಟಿನ ಕಡೆ ಹೋಯ್ತು. ಅವಳು ಫೀಸ್ ಕೊಟ್ಟಿದ್ದಾಳೆ ಅಂತ ನೆನಪಾಗಿ ಸುಮ್ಮನಾದೆ.