ಆಸ್ಪೆನ್‌ಗೆ ಹೊರಡುವ ಮುನ್ನ ರೈಫಲ್ ಊರಿನ ಬಗ್ಗೆ ಮಾತಾಡಿ

ಚಳಿಗಾಲ ಬಂತೆಂದರೆ ಅಮೆರಿಕದ ಕೊಲರಾಡೊದಲ್ಲಿರುವ ಆಸ್ಪೆನ್‌ನಂಥ ಸ್ಕೀ ಊರುಗಳ ಕಡೆ ಖಾಸಗಿ ವಿಮಾನಗಳು ಸಾಲಾಗಿ ಹೊರಡುತ್ತವೆ. ವಿಮಾನ ಎಷ್ಟೇ ಒಳ್ಳೆಯದಿರಲಿ, ಪೈಲಟ್ ಎಷ್ಟೇ ಪಳಗಿದವರಿರಲಿ, ಆ ಕಣಿವೆಗಳಲ್ಲಿ ಇಳಿಯಲು ಆಗದ ದಿನ ಬಂದೇ ಬರುತ್ತದೆ. ಆಗ ಇಳಿಯುವ ಇನ್ನೊಂದು ನಿಲ್ದಾಣವೇ ಆಲ್ಟರ್ನೇಟ್. ಫ್ಲೈಟ್ ಪ್ಲಾನ್‌ನಲ್ಲಿ ಅದರ ಹೆಸರು ಬರೆಯಲು ಒಂದು ನಿಮಿಷ ಸಾಕು. ಆದರೆ ಆ ಊರಿಗೆ ನಿಜವಾಗಿ ಹೋಗಲು ವಿಮಾನದಲ್ಲಿ ಕೂತವರೆಲ್ಲ ಒಪ್ಪಿರಬೇಕು. ಇಂಥ ಪ್ರಯಾಣಗಳನ್ನು ಯೋಜಿಸುವ ನಮ್ಮ ಕೆಲಸದಲ್ಲಿ ಕಷ್ಟವಾಗುವುದು ಅಲ್ಲಿಯೇ.

ನಿಯಮದಿಂದ ಶುರು ಮಾಡೋಣ. ಉಪಕರಣಗಳ ನೆರವಿನಿಂದ ಹಾರುವಾಗ, ತಲುಪುವ ಹೊತ್ತಿಗೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ ಮೋಡದ ತಳ ನಿಲ್ದಾಣಕ್ಕಿಂತ ಕನಿಷ್ಠ 2,000 ಅಡಿ ಮೇಲಿದ್ದು, 3 ಮೈಲಿ ದೂರ ಕಾಣುವಂತಿದ್ದರೆ ಆಲ್ಟರ್ನೇಟ್ ಬೇಕಿಲ್ಲ ಎನ್ನುತ್ತದೆ ಅಮೆರಿಕದ ನಿಯಮ. ಬಯಲು ನಾಡಿನಲ್ಲಿ ಇದು ಸರಿಯೇ. ಆಸ್ಪೆನ್ ನಿಲ್ದಾಣ ಇರುವುದು ಸುಮಾರು 7,800 ಅಡಿ ಎತ್ತರದಲ್ಲಿ, ಮೂರು ಕಡೆ ಬೆಟ್ಟಗಳ ನಡುವೆ. ಬೆಟ್ಟ ಹತ್ತಿರವಿದ್ದಷ್ಟೂ ವಿಮಾನ ಮೋಡದೊಳಗೆ ಕೆಳಗಿಳಿಯಬಹುದಾದ ಮಿತಿಯೂ ಮೇಲೇ ಉಳಿಯುತ್ತದೆ. 2001ರ ಮಾರ್ಚ್ 29ರಂದು ಅಲ್ಲಿ ಅಪಘಾತಕ್ಕೀಡಾದ ಗಲ್ಫ್‌ಸ್ಟ್ರೀಮ್ ಜೆಟ್ ಬಳಸಿದ್ದ ಅಪ್ರೋಚ್‌ನಲ್ಲಿ, ಅಂದರೆ ರನ್‌ವೇ ಕಡೆ ಇಳಿದು ಬರುವ ನಿಗದಿತ ದಾರಿಯಲ್ಲಿ, ಆ ಮಿತಿ ಸಮುದ್ರಮಟ್ಟದಿಂದ 10,200 ಅಡಿ. ಅಂದರೆ ರನ್‌ವೇಗಿಂತ ಹತ್ತಿರ ಹತ್ತಿರ 2,400 ಅಡಿ ಮೇಲೆ. ಲೆಕ್ಕ ಗಮನಿಸಿ: ಮೋಡ 2,000 ಅಡಿಯಲ್ಲಿದ್ದರೆ ನಿಯಮ ಆಲ್ಟರ್ನೇಟ್ ಕೇಳುವುದಿಲ್ಲ, ಆದರೆ ಆ ಅಪ್ರೋಚ್‌ನಲ್ಲಿ ಬಂದವರಿಗೆ ರನ್‌ವೇ ಕಾಣುವುದೂ ಇಲ್ಲ. ಹಾಗಾಗಿ ಸ್ಕೀ ಊರಿಗೆ ಹೊರಟಾಗ ಆಕಾಶ ಎಷ್ಟೇ ತಿಳಿಯಾಗಿರಲಿ, ಆಲ್ಟರ್ನೇಟ್ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಅಪಘಾತದಲ್ಲಿ ವಿಮಾನದಲ್ಲಿದ್ದ 18 ಜನರೂ ತೀರಿಕೊಂಡರು. ರನ್‌ವೇ ಸರಿಯಾಗಿ ಕಾಣದೆ ಮಿತಿಗಿಂತ ಕೆಳಗೆ ಇಳಿದದ್ದೇ ಕಾರಣ ಎಂದು ತನಿಖೆ ಹೇಳಿತು. ಜತೆಗೆ ಇನ್ನೊಂದು ಮಾತನ್ನೂ ದಾಖಲಿಸಿತು: ವಿಮಾನ ತಡವಾಗಿತ್ತು, ಕತ್ತಲಾದ ಮೇಲೆ ಇಳಿಯಲು ನಿರ್ಬಂಧವಿತ್ತು, ಬಾಡಿಗೆಗೆ ತೆಗೆದುಕೊಂಡವರ ಕಡೆಯಿಂದ ಆಸ್ಪೆನ್‌ನಲ್ಲೇ ಇಳಿಯಬೇಕೆಂಬ ಒತ್ತಡವಿತ್ತು. ಪ್ರಯಾಣಿಕರಾಗಿ ಹೋಗುವವರು ಇದನ್ನು ಓದಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಹಿಂದಿನ ಸೀಟಿನಿಂದ ಬರುವ ಒಂದು ಮಾತು, 'ಇನ್ನೊಂದು ಸಲ ನೋಡಬಹುದಲ್ವಾ' ಎಂಬಷ್ಟೇ ಮಾತು, ಕಾಕ್‌ಪಿಟ್‌ನಲ್ಲಿ ತುಂಬಾ ಭಾರವಾಗಿ ಬೀಳುತ್ತದೆ.

ಅದಕ್ಕೇ ಆಲ್ಟರ್ನೇಟ್ ಆರಿಸುವಾಗ ನಾನು ಹವಾಮಾನದ ಜತೆಗೆ ರಸ್ತೆ ನಕ್ಷೆಯನ್ನೂ ಬಿಡಿಸಿಕೊಳ್ಳುತ್ತೇನೆ. ಇಳಿದ ಮೇಲೆ ಹೋಟೆಲ್‌ಗೆ ಹೋಗಲು ದಾರಿ ಇದೆ ಎಂದು ಗೊತ್ತಿದ್ದರೆ ಒತ್ತಡ ಅರ್ಧಕ್ಕರ್ಧ ಇಳಿಯುತ್ತದೆ.

ಆಸ್ಪೆನ್‌ಗೆ ಹತ್ತಿರದ ಆಯ್ಕೆಗಳು ಎರಡು: ಈಗಲ್ ಮತ್ತು ರೈಫಲ್. ಈಗಲ್ ನಿಲ್ದಾಣ ದೊಡ್ಡದು, 9,000 ಅಡಿ ರನ್‌ವೇ, ವೇಲ್ ಎಂಬ ಸ್ಕೀ ಊರಿಗೆ ಹೋಗುವವರು ಹೆಚ್ಚಾಗಿ ಇಳಿಯುವುದು ಅಲ್ಲೇ. ರೈಫಲ್‌ನ ರನ್‌ವೇ 7,000 ಅಡಿ, ಕಂಟ್ರೋಲ್ ಟವರ್ ಇಲ್ಲ. ಕಾಗದದ ಮೇಲೆ ಈಗಲ್ ಚೆನ್ನಾಗಿ ಕಾಣುತ್ತದೆ. ಎರಡೂ ಕಡೆಯಿಂದ ಆಸ್ಪೆನ್‌ಗೆ ಸುಮಾರು ಒಂದೂವರೆ ಗಂಟೆಯ ದಾರಿ. ಆದರೆ ಈಗಲ್‌ನಿಂದ ಬರುವ ಕಾರು ಗ್ಲೆನ್‌ವುಡ್ ಕಣಿವೆಯನ್ನು ಹಾದು ಬರಬೇಕು. ಹಿಮ ಜೋರಾಗಿ ಬಿದ್ದಾಗ, ಅಪಘಾತವಾದಾಗ ಆ ಹೆದ್ದಾರಿ ಮುಚ್ಚುತ್ತಾರೆ. ಆಸ್ಪೆನ್‌ಗೆ ಪೂರ್ವದಿಂದ ಬರುವ ಇಂಡಿಪೆಂಡೆನ್ಸ್ ಪಾಸ್ ರಸ್ತೆ ಚಳಿಗಾಲವಿಡೀ ಬಂದ್. ರೈಫಲ್ ಇರುವುದು ಕಣಿವೆಯ ಪಶ್ಚಿಮಕ್ಕೆ, ಆಸ್ಪೆನ್‌ಗೆ ಹೋಗಲು ಅದನ್ನು ದಾಟುವ ಮಾತೇ ಇಲ್ಲ. ಮೇಲಾಗಿ ಈಗಲ್‌ಗಿಂತ ಸುಮಾರು 1,000 ಅಡಿ ತಗ್ಗಿನಲ್ಲಿದೆ. ನನ್ನ ಮೊದಲ ಆಯ್ಕೆ ರೈಫಲ್.

ವಯೋಮಿಂಗ್ ರಾಜ್ಯದ ಸ್ಕೀ ಊರು ಜ್ಯಾಕ್ಸನ್ ಹೋಲ್‌ನಲ್ಲೂ ಇದೇ ಕಥೆ. ನಕ್ಷೆಯಲ್ಲಿ ಬೆಟ್ಟದ ಆಚೆ ಬದಿಯ ಡ್ರಿಗ್ಸ್ ತೀರಾ ಹತ್ತಿರ. ನೇರ ರಸ್ತೆ ಮಾತ್ರ 8,431 ಅಡಿಯ ಟೀಟನ್ ಪಾಸ್ ಹತ್ತಿ ಇಳಿಯುತ್ತದೆ, ಹಿಮಕುಸಿತದ ಅಪಾಯವಿದ್ದಾಗ ಅದನ್ನು ಮುಚ್ಚುತ್ತಾರೆ. ಐಡಹೊ ಫಾಲ್ಸ್ ದೂರವಾದರೂ ಅಲ್ಲಿಂದ ಆಲ್ಪೈನ್ ಊರಿನ ಮೂಲಕ ಸ್ನೇಕ್ ನದಿಯ ಪಕ್ಕದಲ್ಲೇ ಬರುವ ಇನ್ನೊಂದು ದಾರಿ ಇದೆ. ಕೊಲರಾಡೊದ ಇನ್ನೊಂದು ಸ್ಕೀ ಊರು ಟೆಲ್ಯುರೈಡ್ ವಿಷಯದಲ್ಲಿ ಯೋಚಿಸುವುದೇ ಬೇಡ: ಸುಮಾರು 9,070 ಅಡಿ ಎತ್ತರದ ಆ ನಿಲ್ದಾಣಕ್ಕೆ ಮಾಂಟ್ರೋಸ್ ಜತೆಗಿರಲೇಬೇಕು. ಮಾಂಟ್ರೋಸ್‌ನಲ್ಲಿ 10,000 ಅಡಿ ರನ್‌ವೇ, ಟೆಲ್ಯುರೈಡ್‌ಗಿಂತ 3,300 ಅಡಿ ತಗ್ಗು.

ಇನ್ನು ಹವಾಮಾನ. ಆಲ್ಟರ್ನೇಟ್ ಹತ್ತಿರವಿದ್ದಷ್ಟೂ ಇಂಧನ ಕಡಿಮೆ ಸಾಕು, ನಿಜ. ಆದರೆ ಹತ್ತಿರದ ಊರಿಗೂ ಅದೇ ಬಿರುಗಾಳಿ ಬಡಿಯುತ್ತದೆ. ಪಶ್ಚಿಮದಿಂದ ಬರುವ ಬಿರುಗಾಳಿ ಆಸ್ಪೆನ್, ಈಗಲ್, ರೈಫಲ್ ಮೂರನ್ನೂ ಒಟ್ಟಿಗೆ ಮುಚ್ಚಬಹುದು. ಆಗ ಬೆಟ್ಟಸಾಲಿನ ಪೂರ್ವಕ್ಕಿರುವ ಡೆನ್ವರ್ ತೆರೆದೇ ಇರುವುದುಂಟು. ಪೂರ್ವದ ಗಾಳಿ ಬೀಸಿ ಡೆನ್ವರ್ ಕಡೆ ಹಿಮ ಸುರಿಯುವಾಗ ಪಶ್ಚಿಮದ ಕಣಿವೆಗಳು ತಿಳಿಯಾಗಿರುವುದೂ ಉಂಟು. ಹಾಗಾಗಿ ಗಾಳಿ ಯಾವ ಕಡೆಯದು ಎಂದು ನೋಡದೆ ಆಲ್ಟರ್ನೇಟ್ ಬರೆಯಬಾರದು.

ಜನ ಮರೆಯುವ ಇನ್ನೊಂದು ಸಂಗತಿ ಇದೆ. ಬಿರುಗಾಳಿ ಹೋದ ಮೇಲೂ ತೊಂದರೆ ಮುಗಿಯುವುದಿಲ್ಲ. ನೆಲದಲ್ಲಿ ಹಿಮ, ಮೇಲೆ ಶುಭ್ರ ಆಕಾಶ, ಗಾಳಿ ಇಲ್ಲ. ಅಂಥ ರಾತ್ರಿ ತಣ್ಣನೆಯ ಗಾಳಿ ತಗ್ಗಿನಲ್ಲಿ ಕೂರುತ್ತದೆ. ಬೆಳಿಗ್ಗೆ ಬೆಟ್ಟದ ಮೇಲೆ ಚೆಂದದ ಬಿಸಿಲು, ಗ್ರ್ಯಾಂಡ್ ಜಂಕ್ಷನ್‌ನಂಥ ತಗ್ಗಿನ ನಿಲ್ದಾಣದಲ್ಲಿ ಮಂಜು. ಆಸ್ಪೆನ್‌ನಲ್ಲಿ ಬಿಸಿಲಿದೆ ಎಂದು ಆಲ್ಟರ್ನೇಟ್‌ನ ಮುನ್ಸೂಚನೆ ನೋಡದೆ ಹೊರಟವರು ಸಿಕ್ಕಿಬೀಳುವುದು ಇಂಥ ದಿನವೇ. ಬಿಸಿಲಿದ್ದರೂ ರನ್‌ವೇಯಲ್ಲಿ ಒಂದು ವಿಮಾನ ಸಿಕ್ಕಿಕೊಂಡರೆ ಸಾಕು, ಒಂದೇ ರನ್‌ವೇ ಇರುವ ಆಸ್ಪೆನ್ ಮುಚ್ಚಿಹೋಗುತ್ತದೆ.

ಇಂಧನದ ಬಗ್ಗೆ ಒಂದು ಮಾತು. ಆಸ್ಪೆನ್‌ವರೆಗೆ, ಅಲ್ಲಿಂದ ಆಲ್ಟರ್ನೇಟ್‌ವರೆಗೆ, ಆಮೇಲೆ ಇನ್ನೂ 45 ನಿಮಿಷ ಹಾರುವಷ್ಟು ಇಂಧನ ಇರಬೇಕೆಂಬುದು ನಿಯಮ. ಜಾಸ್ತಿ ತುಂಬಿಕೊಂಡರೆ ಒಳ್ಳೆಯದಲ್ವಾ ಎಂದು ಕೇಳುತ್ತಾರೆ. 8,000 ಅಡಿ ಎತ್ತರದ ತೆಳು ಗಾಳಿಯಲ್ಲಿ ಭಾರದ ವಿಮಾನ ವೇಗವಾಗಿ ಇಳಿಯಬೇಕು, ನಿಲ್ಲಲು ಉದ್ದದ ರನ್‌ವೇ ಬೇಕು. ಇಳಿಯಲಾಗದೆ ಮತ್ತೆ ಮೇಲೇರುವಾಗ ಒಂದು ಎಂಜಿನ್ ಕೈಕೊಟ್ಟರೆ ಬೆಟ್ಟ ದಾಟುವಷ್ಟು ಬಲವೂ ಉಳಿದಿರಬೇಕು. ಹಾಗಾಗಿ ಡೆನ್ವರ್‌ವರೆಗಿನ ಇಂಧನ ಬೇಕಾದ ದಿನ ಸಾಮಾನು ಕಡಿಮೆ ಮಾಡಿ, ಇಲ್ಲವೇ ನೇರವಾಗಿ ಗ್ರ್ಯಾಂಡ್ ಜಂಕ್ಷನ್‌ಗೇ ಹೊರಡಿ. ಎರಡನೆಯದನ್ನು ಸೂಚಿಸಲು ನನಗೆ ಯಾವ ಸಂಕೋಚವೂ ಇಲ್ಲ.

ಹೊರಡುವ ಹಿಂದಿನ ದಿನ ಆಲ್ಟರ್ನೇಟ್ ಊರಿಗೆ ಫೋನ್ ಮಾಡಿ. ವಿಮಾನ ನಿಲ್ಲಿಸಲು ಜಾಗ ಇದೆಯಾ, ಬೆಳಿಗ್ಗೆ ರೆಕ್ಕೆಯ ಮಂಜುಗಡ್ಡೆ ತೆಗೆಯುವ ದ್ರವ ಇದೆಯಾ, ರಾತ್ರಿ ಯಾರಾದರೂ ಇರುತ್ತಾರಾ, ಕೇಳಿ. ಕ್ರಿಸ್‌ಮಸ್ ವಾರ ಮತ್ತು ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆಯಲ್ಲಿ ಆಸ್ಪೆನ್‌ನಲ್ಲೇ ಜಾಗ ಸಾಲುವುದಿಲ್ಲ. ಜನರನ್ನು ಇಳಿಸಿದ ವಿಮಾನಗಳು ರೈಫಲ್, ಗ್ರ್ಯಾಂಡ್ ಜಂಕ್ಷನ್‌ಗೆ ಹೋಗಿ ನಿಲ್ಲುತ್ತವೆ. ನೀವು ದಾರಿ ಬದಲಿಸಿ ಬರುವಷ್ಟರಲ್ಲಿ ಅಲ್ಲಿಯೂ ತುಂಬಿರಬಹುದು. ದೊಡ್ಡ ಕಾರೊಂದನ್ನು ಅಲ್ಲಿ ಮೊದಲೇ ಗೊತ್ತು ಮಾಡಿಡಿ. ಬೇಡವಾದರೆ ಕ್ಯಾನ್ಸಲ್ ಮಾಡಿದರಾಯಿತು.

ಕೊನೆಯದಾಗಿ, ಯಾವಾಗ ತಿರುಗಬೇಕು ಎಂಬುದನ್ನೂ ನೆಲದ ಮೇಲೇ ನಿರ್ಧರಿಸಿ. ಆಸ್ಪೆನ್‌ನಲ್ಲಿ ಸಾಮಾನ್ಯವಾಗಿ ಬೆಟ್ಟದ ಕಡೆ ಮುಖ ಮಾಡಿ ಇಳಿಯುತ್ತಾರೆ, ಎದುರು ದಿಕ್ಕಿಗೆ ಮೇಲೇರುತ್ತಾರೆ. ವಾಯವ್ಯದ ಗಾಳಿ ಬೀಸಿದರೆ ಇಳಿಯುವವರಿಗೆ ಅದು ಬೆನ್ನ ಹಿಂದಿನ ಗಾಳಿ. 2014ರ ಜನವರಿ 5ರಂದು ಚಾಲೆಂಜರ್ ಜೆಟ್ ಒಂದು ಇದೇ ಕಾರಣಕ್ಕೆ ಮೊದಲ ಸಲ ಇಳಿಯದೆ ಮೇಲೇರಿತು. ಎರಡನೇ ಸಲ ಬಂದಾಗಲೂ ಗಾಳಿ ವಿಮಾನದ ಮಿತಿ ಮೀರಿತ್ತು. ಆದರೂ ಇಳಿಸಲು ಹೋಗಿ ವಿಮಾನ ರನ್‌ವೇಗೆ ಅಪ್ಪಳಿಸಿತು, ಸಹ ಪೈಲಟ್ ಜೀವ ಕಳೆದುಕೊಂಡರು. ನಮ್ಮ ಯೋಜನೆಯಲ್ಲಿ ಒಂದೇ ಪ್ರಯತ್ನ. ಆಗಲಿಲ್ಲ ಎಂದರೆ, ಕಾರಣ ಪೂರ್ತಿ ಹೋಗಿದೆ ಎಂದು ಟವರ್‌ನ ವರದಿಯಲ್ಲಿ ಕಾಣದ ಹೊರತು, ಮುಂದಿನ ತಿರುವು ರೈಫಲ್ ಕಡೆಗೆ. ಇದನ್ನು ಪ್ರಯಾಣಿಕರಿಗೆ ವಿಮಾನ ಹತ್ತುವ ಮೊದಲೇ ಹೇಳುತ್ತೇವೆ, ಕಾರಿನ ಚಾಲಕರ ನಂಬರ್ ಕೊಟ್ಟೇ ಹೇಳುತ್ತೇವೆ.