ಬ್ಯಾಕ್ಟೀರಿಯಾ ಕೊಂದದ್ದು ದಾಳಿಂಬೆಯೋ, ಪಟಿಕವೋ?

ದಾಳಿಂಬೆ ಸಿಪ್ಪೆಯ ಬಣ್ಣ ಹಾಕಿದ ರೇಷ್ಮೆ ಬ್ಯಾಕ್ಟೀರಿಯಾವನ್ನು ತಡೆಯಬಲ್ಲದು ಎನ್ನುವ ಮಾತಿನಲ್ಲಿ ಹುರುಳಿದೆ. ಸಿಪ್ಪೆಗೆ ಒಗರು ಕೊಡುವ ಟ್ಯಾನಿನ್‌ಗಳು ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ರೇಷ್ಮೆ ಪ್ರೋಟೀನೇ ಆದ್ದರಿಂದ ಬಣ್ಣ ಹಿಡಿಯುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೂ ಅಂಟಿ ಅವುಗಳ ಕೆಲಸ ಕೆಡಿಸುತ್ತವೆ. ಮೈಸೂರಿನಲ್ಲಿ ಇದನ್ನೇ ಪ್ರಾಜೆಕ್ಟ್ ಮಾಡಿಕೊಳ್ಳುವ ವಿದ್ಯಾರ್ಥಿಗಳು ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಎಣಿಸುವ ಮೊದಲು ಬಣ್ಣದ ಪಾತ್ರೆಯನ್ನು ಸರಿಯಾಗಿ ನೋಡಿಕೊಳ್ಳಬೇಕು.

ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಅದನ್ನು ಸಾಬೂನಿನ ನೀರಲ್ಲಿ ಬೇಯಿಸಿ ತೆಗೆಯದೆ ಬಣ್ಣ ಹಾಕಿದರೆ ಬಣ್ಣ ಅಂಟಿಗೇ ಹತ್ತಿ, ಮುಂದೆ ಅಂಟಿನ ಜೊತೆಗೇ ತೊಳೆದುಹೋಗುತ್ತದೆ. ಬಣ್ಣ ಗಟ್ಟಿಯಾಗಿ ಹಿಡಿಯಲು ಅಂಟು ತೆಗೆದ 100 ಗ್ರಾಂ ರೇಷ್ಮೆಗೆ 15 ಗ್ರಾಂ ಪಟಿಕ ಸಾಕು. 3 ಲೀಟರ್ ಬೆಚ್ಚನೆ ನೀರಲ್ಲಿ ಕರಗಿಸಿ, ಒಂದು ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ. ಒಣ ಸಿಪ್ಪೆ 40 ಗ್ರಾಂ ರಾತ್ರಿಯೆಲ್ಲ ನೆನೆಸಿ, ಮುಕ್ಕಾಲು ಗಂಟೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ನೀರು ಸೇರಿಸಿ 3 ಲೀಟರ್ ಮಾಡಿಕೊಳ್ಳಿ. ರೇಷ್ಮೆ ಇಳಿಸಿದ ಮೇಲೆ ಬಿಸಿಯನ್ನು ನಿಧಾನವಾಗಿ 80 ಡಿಗ್ರಿಗೆ ಏರಿಸಿ, ಆಗಾಗ ಮಗುಚುತ್ತ ಒಂದು ಗಂಟೆ ಇಡಿ. ಕುದಿಸಿದರೆ ಹೊಳಪು ಹೋಗುತ್ತದೆ; ಅವಸರ ಮಾಡಿದರೆ ಬಣ್ಣ ಪಟ್ಟೆಪಟ್ಟೆಯಾಗಿ ಕೂರುತ್ತದೆ. ಸ್ಟೀಲ್ ಪಾತ್ರೆಯೇ ಇರಲಿ. ಮಂಡ್ಯದ ಕಡೆಯ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದಂಶವಿದ್ದರೆ ಅದು ಟ್ಯಾನಿನ್ ಜೊತೆ ಸೇರಿ ಹಳದಿ ಬಣ್ಣ ಬೂದುಬಣ್ಣವಾಗುತ್ತದೆ. ಅಡಿಕೆ ಬೇಯಿಸಿದ ಚೊಗರಿನ ಬಣ್ಣಕ್ಕೂ ಇದೇ ಕಾಟ.

ಇನ್ನು ಪರೀಕ್ಷೆ. ಪಟಿಕಕ್ಕೇ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ, ಕ್ಷೌರದಂಗಡಿಯಲ್ಲಿ ಅದರ ಕಲ್ಲು ಇಟ್ಟಿರುವುದು ಸುಮ್ಮನೆಯಲ್ಲ. ಪಟಿಕದ ಬದಲು ಮೈಲುತುತ್ತ (ತಾಮ್ರದ ಸಲ್ಫೇಟ್) ಬಳಸಿದ್ದರಂತೂ ತಾಮ್ರದ ಕೆಲಸವೆಲ್ಲ ದಾಳಿಂಬೆಯ ಲೆಕ್ಕಕ್ಕೆ ಬೀಳುತ್ತದೆ. ಹಾಗಾಗಿ ನಾಲ್ಕು ತುಂಡು ಬೇಕೇ ಬೇಕು: ಬರಿಯ ರೇಷ್ಮೆ, ಪಟಿಕ ಮಾತ್ರ, ಸಿಪ್ಪೆ ಮಾತ್ರ, ಎರಡೂ. ಎರಡನೆಯದನ್ನು ಬಿಟ್ಟ ವರದಿಯನ್ನು ನಾನು ಒಪ್ಪುವುದಿಲ್ಲ.

ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯಲ್ಲಿ ತುಂಡಿನ ಸುತ್ತ ಮೂಡುವ, ಬ್ಯಾಕ್ಟೀರಿಯಾ ಬೆಳೆಯದ ತಿಳಿ ವಲಯ ನೋಡಿ ಹಿಗ್ಗಬೇಡಿ. ಬಟ್ಟೆಯಿಂದ ಏನೋ ಹೊರಗೆ ಸೋರಿದ್ದರಿಂದಲೇ ಆ ವಲಯ ಬಂದಿರುವುದು. ಗಟ್ಟಿಯಾಗಿ ಹಿಡಿದ ಬಣ್ಣ ವಲಯವನ್ನೇ ಕೊಡದೆ, ತನ್ನನ್ನು ಮುಟ್ಟಿದ ಬ್ಯಾಕ್ಟೀರಿಯಾವನ್ನಷ್ಟೇ ತಡೆಯಬಹುದು. ಆದ್ದರಿಂದ ಬಟ್ಟೆಗೆ ಬ್ಯಾಕ್ಟೀರಿಯಾ ಹಾಕಿ, 24 ಗಂಟೆಯ ನಂತರ ತೊಳೆದು ತೆಗೆದು ಎಣಿಸುವ ವಿಧಾನವೇ ಮೇಲು. ಶೇ. 90 ಇಳಿಕೆ ಕೇಳಲು ದೊಡ್ಡದು, ಆದರೆ ಒಂದು ಲಕ್ಷದಲ್ಲಿ ಇನ್ನೂ ಹತ್ತು ಸಾವಿರ ಉಳಿದಿರುತ್ತವೆ. ಹತ್ತು ಸಲ ಒಗೆದ ಮೇಲೂ ಇದೇ ಎಣಿಕೆ ಮಾಡಿ. ಬಹಳಷ್ಟು ಹಿಗ್ಗು ಅಲ್ಲೇ ಇಳಿಯುತ್ತದೆ.

ಸಿಪ್ಪೆಯ ರಸ ಚರ್ಮಕ್ಕೆ ಹಾನಿ ಮಾಡುತ್ತದೆಯೇ ಎಂದು ತಿಳಿಯಲು ಚರ್ಮದ ಜೀವಕೋಶಗಳ ಮೇಲೆ ಎಂಟಿಟಿ ಪರೀಕ್ಷೆ (ಎಷ್ಟು ಕೋಶಗಳು ಬದುಕಿವೆ ಎಂದು ಬಣ್ಣದಿಂದ ಅಳೆಯುವುದು) ಮಾಡುವವರಿಗೆ ಇನ್ನೊಂದು ತೊಡಕಿದೆ. ಜೀವಂತ ಕೋಶಗಳು ಎಂಟಿಟಿ ಎಂಬ ಹಳದಿ ರಾಸಾಯನಿಕವನ್ನು ನೇರಳೆ ಮಾಡುತ್ತವೆ. ಆ ನೇರಳೆಯ ಗಾಢತೆಯೇ ಅಳತೆ. ಟ್ಯಾನಿನ್‌ಗಳು ಕೋಶಗಳೇ ಇಲ್ಲದೆಯೂ ಅದನ್ನು ನೇರಳೆ ಮಾಡಬಲ್ಲವು. ಆಗ ಸತ್ತ ಕೋಶಗಳೂ ಬದುಕಿದಂತೆ ಲೆಕ್ಕಕ್ಕೆ ಬರುತ್ತವೆ. ಕೋಶಗಳಿಲ್ಲದ ಕುಳಿಗಳಲ್ಲಿ ಸಿಪ್ಪೆಯ ರಸ ಮತ್ತು ಎಂಟಿಟಿ ಎರಡನ್ನೇ ಹಾಕಿ, ಅಲ್ಲಿ ಬಂದ ಅಂಕಿಯನ್ನು ಕಳೆದೇ ಮುಂದಿನ ಲೆಕ್ಕ ಹಿಡಿಯಿರಿ.